ಲೈನಕ್ಕ ತಿದ್ದಿದ ಹನ್ನೊಂದು ಚೀಟಿ

ಆ ದೊಡ್ಡ ಹೋಟೆಲಿನಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ಯಾರಿಗೂ ಬೇಕಾಗಿರಲಿಲ್ಲ. ಅಡುಗೆಮನೆಯಿಂದ ಹಿಡಿದು ಮ್ಯಾನೇಜರ್ ಕೋಣೆಯವರೆಗೆ ಎಲ್ಲರ ಬಾಯಲ್ಲೂ ಅವಳು ಲೈನಕ್ಕ. ಇಪ್ಪತ್ತಾರು ವರ್ಷ ಟೆಲಿಫೋನ್ ಬೋರ್ಡಿನ ಮುಂದೆ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, "ಒಂದು ನಿಮಿಷ, ಲೈನ್ ಕೊಡ್ತೀನಿ" ಎಂದು ಲಕ್ಷ ಸಲ ಹೇಳಿದವಳಿಗೆ ಬೇರೆ ಹೆಸರು ಹೇಗೆ ತಾನೇ ಅಂಟೀತು?

ಅವಳ ಇಂಗ್ಲಿಷ್ ಪುಸ್ತಕದಿಂದ ಬಂದದ್ದಲ್ಲ, ಕಿವಿಯಿಂದ ಬಂದದ್ದು. ಹತ್ತನೆಯ ತರಗತಿಯಲ್ಲಿ ಅವಳು ಫೇಲಾಗಿದ್ದೇ ಇಂಗ್ಲಿಷಿನಲ್ಲಿ. ಹೋಟೆಲಿಗೆ ಸೇರಿದ್ದು ಬೋರ್ಡಿನ ಕೋಣೆಯ ನೆಲ ಒರೆಸುವುದಕ್ಕೆ. ಆಪರೇಟರ್ ಹೆಂಗಸು ಹೆರಿಗೆಗೆ ಹೋದಾಗ ಮೂರು ತಿಂಗಳ ಮಟ್ಟಿಗೆ ಕೂರಿಸಿದರು, ಆಮೇಲೆ ಏಳಿಸುವುದು ಮರೆತುಹೋಯಿತು. ದೇಶ ದೇಶದ ಅತಿಥಿಗಳು ಬೈಯುವುದು, ಬೇಡುವುದು, ತಡವಾಗಿದ್ದಕ್ಕೆ ಕ್ಷಮೆ ಕೇಳುವುದು, ಹೆಂಡತಿಗೆ ಸುಳ್ಳು ಹೇಳುವುದು ಎಲ್ಲವೂ ಇಪ್ಪತ್ತಾರು ವರ್ಷ ಅವಳ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಯಾವ ಮಾತನ್ನು ಜನ ನಿಜವಾಗಿ ಆಡುತ್ತಾರೆ, ಯಾವುದನ್ನು ಬರೀ ಬರೆಯುತ್ತಾರೆ ಅನ್ನುವುದು ಅವಳಿಗೆ ಹಲ್ಲಿನ ನಡುವೆ ಸಿಕ್ಕಿದ ಕಲ್ಲಿನಷ್ಟು ಸ್ಪಷ್ಟವಾಗಿ ತಿಳಿಯುತ್ತಿತ್ತು. ವ್ಯಾಕರಣದ ನಿಯಮ ಕೇಳಿದರೆ ಒಂದೂ ಬರುತ್ತಿರಲಿಲ್ಲ. "ಅದೆಲ್ಲ ನಂಗೊತ್ತಿಲ್ಲಪ್ಪ. ಇದು ಕಿವಿಗೆ ಚುಚ್ಚುತ್ತೆ, ಅಷ್ಟೇ" ಅನ್ನುತ್ತಿದ್ದಳು. ಅವಳು ಚುಚ್ಚುತ್ತದೆ ಅಂದದ್ದು ಯಾವತ್ತೂ ತಪ್ಪಾಗಿಯೇ ಇರುತ್ತಿತ್ತು.

ಬೋರ್ಡನ್ನು ಕಿತ್ತುಹಾಕಿದ ವರ್ಷ ಅವಳನ್ನೂ ಕಿತ್ತುಹಾಕುವುದರಲ್ಲಿದ್ದರು. ಅಷ್ಟರಲ್ಲಿ ಒಂದು ಅನಾಹುತವಾಯಿತು. ಬಾಲ್ಕನಿಯಲ್ಲಿ ಒದ್ದೆ ಬಟ್ಟೆ ನೇತುಹಾಕಬೇಡಿ ಎಂದು ಹೇಳಲು ಹೋಗಿ, ಹೊಸ ಸಿಬ್ಬಂದಿ ಅಧಿಕಾರಿ ಇನ್ನೂರ ನಲವತ್ತು ಕೋಣೆಗಳಲ್ಲಿ ಇಂಗ್ಲಿಷ್ ಫಲಕ ಹಾಕಿಸಿದ. ಅದನ್ನು ಓದಿದವರಿಗೆ ತಿಳಿಯುತ್ತಿದ್ದದ್ದು ಇಷ್ಟು: ಅತಿಥಿಗಳು ಒದ್ದೆಯಾಗಿರುವಾಗ ಬಾಲ್ಕನಿಯಲ್ಲಿ ನೇಣು ಹಾಕಿಕೊಳ್ಳಬಾರದಾಗಿ ವಿನಂತಿ. ಕಂಪ್ಯೂಟರಿಗೆ ತೋರಿಸಿದರೆ ಅದು ಒಂದು ಗೆರೆಯನ್ನೂ ಎಳೆಯಲಿಲ್ಲ, ಎಲ್ಲ ಸರಿಯಿದೆ ಎಂದಿತು. ಫಲಕದ ಫೋಟೋ ಜಗತ್ತೆಲ್ಲ ಸುತ್ತಿ ಬಂತು. ಫಲಕ ನೋಡಿದ ದಿನವೇ "ಒಣಗಿದ ಮೇಲೆ ಹಾಕಿಕೊಳ್ಳಬಹುದಾ ಸಾರ್?" ಎಂದು ಕೇಳಿದ್ದವಳು ಲೈನಕ್ಕ. ಮ್ಯಾನೇಜರಿಗೆ ಅದು ನೆನಪಿತ್ತು. ಹಾಗೆ ಅವಳಿಗೆ ಮೆಟ್ಟಿಲ ಕೆಳಗಿನ ಮೂಲೆಕೋಣೆ, ಒಂದು ಮೇಜು, ಒಂದು ಕೆಂಪು ಪೆನ್ನು ಸಿಕ್ಕಿತು. ಹೋಟೆಲಿನಿಂದ ಹೊರಡುವ ಯಾವುದೇ ಇಂಗ್ಲಿಷ್ ವಾಕ್ಯ ಅವಳ ಕಿವಿ ದಾಟಿಯೇ ಹೋಗಬೇಕು.

ಅವಳು ತಿದ್ದುವ ರೀತಿಯನ್ನು ನೋಡಿ ನಗುವವರಿದ್ದರು. ಎಡಗೈಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಆ ವಾಕ್ಯವನ್ನು ಯಾರೋ ಫೋನಿನಲ್ಲಿ ಹೇಳುತ್ತಿದ್ದಾರೆ ಅನ್ನುವ ಹಾಗೆ ತಾನೇ ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ಮಾತು ಎಡವಿದ ಕಡೆ ಕೆಂಪು ಗೆರೆ. ಮತ್ತೆ ಹೇಳುವುದು, ಮತ್ತೆ ಗೆರೆ. ವಾಕ್ಯ ನೀರಿನಂತೆ ಹರಿದರೆ ಮೂಲೆಯಲ್ಲಿ ಒಂದು ಸರಿ ಗುರುತು.

ಆದರೆ ಪೂರ್ತಿ ಕಾಗದ ಅವಳ ಕೈಗೆ ಬರುತ್ತಿರಲಿಲ್ಲ. ಇದು ಸಿಬ್ಬಂದಿ ಅಧಿಕಾರಿಯ ಏರ್ಪಾಡು. ಪತ್ರಗಳೆಲ್ಲ ಗೋಪ್ಯ, ನಿಮಗೆ ಬೇಕಾದ್ದು ವಾಕ್ಯ ಮಾತ್ರ ಎಂದು ಹೇಳಿ, ಬರಹವನ್ನು ಸ್ಕೇಲಿಟ್ಟು ವಾಕ್ಯಕ್ಕೊಂದರಂತೆ ಹರಿದು, ಹೆಸರಿದ್ದ ಕಡೆಯೆಲ್ಲ ಮಸಿ ಬಳಿದು ಮೇಲೆ ಎಕ್ಸ್ ಎಂದು ಬರೆದು, ಚೀಟಿ ಚೀಟಿಯಾಗಿ ಕಳಿಸುತ್ತಿದ್ದ. ತಿದ್ದಿದ ಚೀಟಿ ವಾಪಸು ಹೋದ ಮೇಲೆ, ನಕಲಾದ ಕೂಡಲೇ, ಕತ್ತರಿಸುವ ಯಂತ್ರಕ್ಕೆ. ಮುಂದಿನದು ಏನು, ಹಿಂದಿನದು ಏನು, ಯಾರ ಬಗ್ಗೆ, ಯಾರಿಗೆ? ಕೇಳುವ ಹಾಗಿಲ್ಲ.

ಇದು ಅವಮಾನ ಎಂದು ಲೈನಕ್ಕನಿಗೆ ಅನ್ನಿಸಲೇ ಇಲ್ಲ. ಅನ್ನಿಸಬೇಕಿತ್ತು. ಬೋರ್ಡಿನ ಮುಂದೆಯೂ ಅದೇ ಧರ್ಮವಾಗಿತ್ತಲ್ಲ: ಲೈನ್ ಕೊಡು, ಕಿವಿ ಹಿಂದಕ್ಕೆ ತೆಗೆದುಕೋ. ಕೇಳಿಸಿದರೂ ಕೇಳಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಬ್ಬರ ಗುಟ್ಟನ್ನೂ ಇನ್ನೊಬ್ಬರಿಗೆ ಹೇಳಿದವಳಲ್ಲ ಅನ್ನುವುದು ಅವಳ ದೊಡ್ಡ ಹೆಮ್ಮೆ. ಆ ಹೆಮ್ಮೆಯನ್ನೇ ಹಗ್ಗ ಮಾಡಿ ಅವಳನ್ನು ಕಟ್ಟಿಹಾಕಿದರು. ಒಳ್ಳೆಯ ಕೆಲಸಗಾರರನ್ನು ಕೆಟ್ಟ ಕೆಲಸಕ್ಕೆ ಬಳಸಿಕೊಳ್ಳುವುದು ಹೀಗೆಯೇ. ಕೆಟ್ಟವರನ್ನು ಬಳಸಿಕೊಳ್ಳುವುದು ಕಷ್ಟ, ಅವರು ಪ್ರಶ್ನೆ ಕೇಳುತ್ತಾರೆ.

ಒಂದು ಸೋಮವಾರ ಬೆಳಿಗ್ಗೆ ಮೊದಲ ಚೀಟಿ ಬಂತು. ಬರೆದವರು ಯಾರೋ, ಇಂಗ್ಲಿಷಿನ ಜೊತೆ ಜಗಳಕ್ಕೆ ನಿಂತವರಂತೆ ಬರೆದಿದ್ದರು. ನಮ್ಮ ಮಾತಿಗೆ ತಂದರೆ ಹೀಗಿತ್ತು: "ಯಾವ ತಡೆಕಂಬಿ ಮುರಿದಿರುವುದು ಎಕ್ಸ್ ಮೂರು ಸಲ ತಿಳಿಸಿ ನಾನು ಫೋನ್ ಮಾಡಿ ಆದರೂ ಬರಲಿಲ್ಲವೋ ಆ ಕಂಬಿ ಇಲ್ಲದೆ ಇರುವಾಗ ಎಕ್ಸ್ ಹಾಸುಬಟ್ಟೆ ಸರಿ ಮಾಡಲು ಕೈ ಇಟ್ಟು ಸುಟ್ಟ ಗಾಯ ಸಂಭವಿಸಿತು."

ಲೈನಕ್ಕ ಕಿವಿಗೆ ಕೈ ಒತ್ತಿಕೊಂಡಳು. ನಾಲ್ಕು ಸಲ ಹೇಳಿಕೊಂಡರೂ ವಾಕ್ಯ ನಡುವೆಯೇ ಮುಗ್ಗರಿಸಿ ಬೀಳುತ್ತಿತ್ತು. ಆ ನಡುವಿನ ತುಂಡೇ ತೊಡಕು. ಅವಳು ಒಳಫೋನ್ ಎತ್ತಿ ಅಧಿಕಾರಿಗೆ ಕರೆ ಮಾಡಿದಳು.

"ಸಾರ್, ಈ ಮಧ್ಯದಲ್ಲಿ ಮೂರು ಸಲ ತಿಳಿಸಿ, ಫೋನ್ ಮಾಡಿ ಅಂತೆಲ್ಲ ಇದೆ. ಇದನ್ನ ಬೇರೆ ವಾಕ್ಯ ಮಾಡ್ಲಾ?"

"ಅದನ್ನ ತೆಗೆದ್ರೆ ವಾಕ್ಯ ಚೆನ್ನಾಗಿ ಓಡುತ್ತಾ?"

"ಓಡೋದೇನೋ ಓಡುತ್ತೆ."

"ಮತ್ತೆ ಬಿಡಿ. ಸಣ್ಣದಾಗಿ, ಸಹಜವಾಗಿ ಇರ್ಲಿ. ಸಹಜ ಮುಖ್ಯ."

ಬೆಣ್ಣೆಯಿಂದ ಕೂದಲೆಳೆದ ಹಾಗೆ ಅವಳು ಆ ತುಂಡನ್ನು ಎಳೆದು ಹಾಕಿದಳು. ಉಳಿದದ್ದು ಇಷ್ಟೇ: ಹಾಸುಬಟ್ಟೆ ಸರಿಪಡಿಸುವಾಗ ಎಕ್ಸ್‌ಗೆ ಸುಟ್ಟ ಗಾಯವಾಯಿತು. ನೀರಿನಂತೆ ಹರಿಯಿತು. ಸರಿ ಗುರುತು.

ಶುಕ್ರವಾರದೊಳಗೆ ಹನ್ನೊಂದು ಚೀಟಿಗಳಾದವು. ಒಂದರಲ್ಲಿ ಯಂತ್ರದ ಮೇಲೆ ಎಚ್ಚರಿಕೆಯ ಫಲಕ ಇತ್ತು ಎಂದು. ಒಂದರಲ್ಲಿ ಎಕ್ಸ್ ಆ ದಿನ ಎರಡನೆಯ ಪಾಳಿಯನ್ನೂ ತಾನಾಗಿ ಒಪ್ಪಿಕೊಂಡಿದ್ದರು ಎಂದು. ಎಂಟನೆಯದು "ಎಕ್ಸ್ ಮೊದಲು ಸಹ ಅಜಾಗ್ರತೆ ಮಾಡಿದ ಮನುಷ್ಯ" ಎಂದು ಒರಟಾಗಿತ್ತು. ಅದನ್ನು ಅವಳು ಎಷ್ಟು ನಯ ಮಾಡಿದಳೆಂದರೆ, ಓದಿದವರಿಗೆ ಬೈದ ಹಾಗೇ ಅನ್ನಿಸುವುದಿಲ್ಲ, ಆದರೆ ಬೈಗುಳ ಒಂದಿಷ್ಟೂ ಕಡಿಮೆಯಾಗಿರುವುದಿಲ್ಲ. ಆ ವಾಕ್ಯ ಅವಳಿಗೇ ಇಷ್ಟವಾಗಿಬಿಟ್ಟಿತು. ಸಂಜೆ ಮನೆಗೆ ಹೋಗಿ, ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅತ್ತಿಗೆಗೆ ಹೇಳಿ ತೋರಿಸಿದಳು. ಅಣ್ಣ ತೀರಿಕೊಂಡ ಮೇಲೆ ಆ ಎರಡು ಕೋಣೆಯ ಮನೆಯಲ್ಲಿದ್ದವರು ಇವರಿಬ್ಬರೇ.

"ಕೇಳೋಕೆ ಚೆನ್ನಾಗಿದೆ ಕಣೆ" ಎಂದಳು ಅತ್ತಿಗೆ, ಬಾಯಲ್ಲಿದ್ದ ಗುಂಡುಸೂಜಿ ತೆಗೆಯದೆ. "ಏನಂತೆ ಅದು?"

"ಅಜಾಗ್ರತೆ ಅವರಿಗೆ ಹೊಸದೇನಲ್ಲ ಅಂತ."

"ಯಾರಿಗೆ?"

"ಗೊತ್ತಿಲ್ಲ. ಎಕ್ಸ್ ಅಂತಿದೆ."

ಅತ್ತಿಗೆ ಯಂತ್ರ ನಿಲ್ಲಿಸಿದಳು. "ಎಕ್ಸ್‌ಗೆ ಮನೆ ಇರಲ್ವಾ? ಮಕ್ಕಳಿರಲ್ವಾ? ನಾನು ಯಾರದ್ದೋ ಕುಪ್ಪಸ ಹೊಲೀಬೇಕಾದ್ರೂ ಮೈ ಅಳತೆ ಕೇಳ್ತೀನಪ್ಪ. ನೀನು ಮೈ ನೋಡದೇ ಕತ್ತರಿಸ್ತೀಯಲ್ಲ."

"ನಿನ್ನದು ಬಟ್ಟೆ, ನನ್ನದು ಭಾಷೆ ಅತ್ತಿಗೆ."

"ಹೌದೌದು. ಭಾಷೆ ಹರಿದ್ರೆ ಯಾರಿಗೂ ಕಾಣಲ್ಲ."

ಲೈನಕ್ಕ ನಕ್ಕು ಕೈಕಾಲು ತೊಳೆಯಲು ಹೋದಳು. ಅವಳಿಗೆ ಏನೂ ಗೊತ್ತಿರಲಿಲ್ಲವೇ? ಗೊತ್ತು ಮಾಡಿಕೊಳ್ಳಬಹುದಿತ್ತು. ಲಾಂಡ್ರಿಯಲ್ಲಿ ಯಾರಿಗೋ ಕೈ ಸುಟ್ಟಿದೆಯಂತೆ ಅನ್ನುವ ಮಾತು ಅದೇ ವಾರ ಸಿಬ್ಬಂದಿಯ ಊಟದ ಕೋಣೆಯಲ್ಲಿ ಅವಳ ಕಿವಿಗೂ ಬಿದ್ದಿತ್ತು. ಇಪ್ಪತ್ತಾರು ವರ್ಷ ಈ ಲೈನನ್ನು ಆ ಲೈನಿಗೆ ಸೇರಿಸಿದವಳು ಈ ಎರಡನ್ನು ಸೇರಿಸಲಿಲ್ಲ. ಚೀಟಿಯ ಏರ್ಪಾಡು ಎಷ್ಟು ಗಟ್ಟಿ ನೋಡಿ, ಕಾಗದವನ್ನು ಹರಿದ ಹಾಗೆ ತಲೆಯನ್ನೂ ಹರಿದುಹಾಕುತ್ತದೆ.

ಮರುವಾರ ಮಂಗಳವಾರ ಮಧ್ಯಾಹ್ನ ಮೂಲೆಕೋಣೆಯ ಬಾಗಿಲಲ್ಲಿ ಇಸ್ತ್ರಿ ಚಿಕ್ಕಮ್ಮ ನಿಂತಿದ್ದಳು. ನೆಲಮಾಳಿಗೆಯ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಹಾಸುಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ಹೋಟೆಲಿನ ಅರ್ಧ ಸಿಬ್ಬಂದಿಗೆ ಚಿಕ್ಕಮ್ಮ. ಅವಳ ಬಲಗೈ ಬೆರಳ ತುದಿಯಿಂದ ಮೊಣಕೈವರೆಗೆ ಬಿಳಿ ಪಟ್ಟಿಯಲ್ಲಿತ್ತು. ಎಡಗೈಯಲ್ಲಿ ಒಂದು ಉದ್ದ ಲಕೋಟೆ.

"ಲೈನಕ್ಕ, ಪುರುಸೊತ್ತಾ?"

"ಅಯ್ಯೋ ಚಿಕ್ಕಮ್ಮ, ಆ ಕೈ ನಿಮ್ಮದಾ?"

"ಇನ್ಯಾರ ಕೈನ ಹೊತ್ಕೊಂಡು ತಿರುಗ್ಲಿ?" ಚಿಕ್ಕಮ್ಮ ನಕ್ಕಳು, ನಕ್ಕದ್ದಕ್ಕೆ ಕೈ ನೊಂದು ಮುಖ ಕಿವುಚಿದಳು. "ನಾಳೆ ಹನ್ನೊಂದಕ್ಕೆ ವಿಚಾರಣೆಯಂತೆ. ಇದಕ್ಕೆ ಸೈನ್ ಹಾಕಿ ತನ್ನಿ ಅಂದ್ರು. ಎಡಗೈಲಿ ಆದ್ರೂ ಪರವಾಗಿಲ್ವಂತೆ. ತುಂಬ ಒಳ್ಳೆ ಇಂಗ್ಲಿಷಲ್ಲಿ ಬರ್ಸಿದ್ದೀವಿ ಅಂತ ಸಾಹೇಬರು ಎರಡು ಸಲ ಹೇಳಿದ್ರು. ಏನೋ ನನಗೆ ಗೌರವ ಕೊಟ್ಟು ಬರೆದಿರಬೇಕು ಅಂದ್ಕೊಂಡೆ. ಒಂದ್ಸಲ ನೋಡಿ, ಸರಿಯಿದೆಯಾ ಅಂತ."

ಲೈನಕ್ಕ ಕಾಗದ ಬಿಡಿಸಿದಳು. ಒಂದೂವರೆ ಪುಟ. ಮೊದಲ ಸಾಲು ಓದಿದಳು, ಎರಡನೆಯದು ಓದಿದಳು. ಮೂರನೆಯದಕ್ಕೆ ಬರುವ ಹೊತ್ತಿಗೆ ಓದುವ ಅಗತ್ಯವೇ ಉಳಿಯಲಿಲ್ಲ, ಅವೆಲ್ಲ ಅವಳ ಬಾಯಿಪಾಠ. ಹನ್ನೊಂದು ವಾಕ್ಯಗಳು, ಹನ್ನೊಂದೂ ಅವಳವೇ. ಎಕ್ಸ್ ಇದ್ದ ಕಡೆಯೆಲ್ಲ ಚಿಕ್ಕಮ್ಮನ ಹೆಸರು. ಒಂದೊಂದಾಗಿ ಬಂದಾಗ ಏನೂ ಹೇಳದಿದ್ದ ವಾಕ್ಯಗಳು ಈಗ ಕೈ ಕೈ ಹಿಡಿದು ಸಾಲಾಗಿ ನಿಂತಿದ್ದವು. ಎಚ್ಚರಿಕೆ ಇತ್ತು. ಪಾಳಿಯನ್ನು ತಾನಾಗಿ ಒಪ್ಪಿದ್ದಳು. ಕೈ ತಾನೇ ಇಟ್ಟಳು. ಅಜಾಗ್ರತೆ ಹೊಸದಲ್ಲ. ಹತ್ತನೆಯದು, ಇಂಥವರನ್ನು ಮುಂದುವರಿಸುವುದು ಉಳಿದವರ ಸುರಕ್ಷತೆಗೆ ಹಿತವಲ್ಲ ಎಂದು. ಕೊನೆಯದು ಸಹಿಯ ಮೇಲಿನ ಸಾಲು: ಮೇಲಿನದನ್ನು ಓದಿ, ಅರ್ಥ ಮಾಡಿಕೊಂಡು, ಮನಃಪೂರ್ವಕವಾಗಿ ಒಪ್ಪಿದ್ದೇನೆ. ಅದರಲ್ಲಿ ಒಂದು ಪದ ಚುಚ್ಚುತ್ತದೆ ಎಂದು ಅವಳೇ ಬದಲಾಯಿಸಿ, ಅದನ್ನು ಇನ್ನಷ್ಟು ಮನಃಪೂರ್ವಕ ಮಾಡಿದ್ದಳು.

ಇಂಗ್ಲಿಷಿನ ಒಂದಕ್ಷರವೂ ಬಾರದ ಹೆಂಗಸು, ತನ್ನನ್ನೇ ಕೆಲಸದಿಂದ ತೆಗೆಯುವ ಕಾಗದವನ್ನು ಇಂಗ್ಲಿಷಿನಲ್ಲಿ ಓದಿ ಅರ್ಥ ಮಾಡಿಕೊಂಡು ಸಂತೋಷದಿಂದ ಒಪ್ಪಬೇಕು! ಯಂತ್ರದ ಮೇಲಿತ್ತು ಎಂದ ಆ ಎಚ್ಚರಿಕೆಯ ಫಲಕವಾದರೂ ಯಾವ ಭಾಷೆಯಲ್ಲಿತ್ತು? ಅದೂ ಇಂಗ್ಲಿಷಿನಲ್ಲೇ. ಅದನ್ನು ತಿದ್ದಿಕೊಟ್ಟವಳೂ ಲೈನಕ್ಕನೇ. ನೆಲಮಾಳಿಗೆಯಲ್ಲಿ ಕೆಲಸ ಮಾಡುವ ಇಪ್ಪತ್ತೆರಡು ಜನರಲ್ಲಿ ಲಾಂಡ್ರಿಯ ಮೇಲ್ವಿಚಾರಕನೊಬ್ಬನನ್ನು ಬಿಟ್ಟರೆ ಅದನ್ನು ಓದಬಲ್ಲವರು ಯಾರೂ ಇಲ್ಲ. ಯಾರಿಗೆ ಎಚ್ಚರಿಕೆ ಹೇಳಿದ್ದು ಅದು? ಗೋಡೆಗಾ?

"ಏನಕ್ಕ, ಮುಖ ಹಾಗಾಯ್ತು? ತಪ್ಪಿದೆಯಾ?"

"ತಪ್ಪಿಲ್ಲ ಚಿಕ್ಕಮ್ಮ" ಎಂದಳು ಲೈನಕ್ಕ. "ಒಂದು ತಪ್ಪೂ ಇಲ್ಲ. ಇದಕ್ಕೆ ಸೈನ್ ಮಾತ್ರ ಹಾಕ್ಬೇಡಿ." ಆಮೇಲೆ ಅದರಲ್ಲಿ ಏನಿದೆ ಎಂದು ಸಾಲು ಸಾಲಾಗಿ ಹೇಳಿದಳು. ಹೇಳುತ್ತ ಹೇಳುತ್ತ, ತಿದ್ದಿದವಳು ತಾನೇ ಅನ್ನುವುದನ್ನು ಮಾತ್ರ ನುಂಗಿಕೊಂಡಳು.

ಚಿಕ್ಕಮ್ಮ ಬಾಗಿಲ ಚೌಕಟ್ಟಿಗೆ ಒರಗಿ ಕೇಳಿದಳು. ಕೊನೆಗೆ ಒಂದೇ ಮಾತು ಕೇಳಿದಳು. "ಕಂಬಿ ವಿಷಯ ಎಲ್ಲಿ? ಬಿಸಿ ಉರುಳೆ ಮುಂದೆ ಆ ಕಂಬಿ ಇದ್ರೆ, ಕೈ ತಾಗಿದ ತಕ್ಷಣ ಯಂತ್ರ ನಿಲ್ಲುತ್ತೆ. ಮೂರು ಸಲ ಹೇಳಿದ್ದೀನಲ್ಲ."

ಲೈನಕ್ಕ ಕಾಗದವನ್ನು ಕೈಯಲ್ಲಿ ಹಿಡಿದು ಮೂರನೆಯ ಮಹಡಿಗೆ ಮೆಟ್ಟಿಲು ಹತ್ತಿಯೇ ಹೋದಳು. ಲಿಫ್ಟಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ.

ಸಿಬ್ಬಂದಿ ಅಧಿಕಾರಿ ಕೆಟ್ಟವನ ಹಾಗೆ ಕಾಣುತ್ತಿರಲಿಲ್ಲ, ಅದೇ ತೊಂದರೆ. ಟೈ ಸಡಿಲಿಸಿಕೊಂಡು, ಮೇಜಿನ ಮೇಲಿನ ಗಿಡಕ್ಕೆ ನೀರು ಹಾಕುತ್ತಿದ್ದ.

"ಸಾರ್, ಇದರಲ್ಲಿ ಕಂಬಿ ಮಾತೇ ಇಲ್ಲ."

"ಮೊದ್ಲು ಹೇಳಿ, ಆ ಕಾಗದ ನಿಮ್ಮ ಕೈಗೆ ಹೇಗೆ ಬಂತು? ಗೋಪ್ಯ ಅದು."

"ಯಾರ ಹೆಸರಿದೆಯೋ ಅವರೇ ತಂದ್ಕೊಟ್ರು. ಅವರಿಗೂ ಗೋಪ್ಯನಾ ಸಾರ್?"

ಅವನು ನೀರಿನ ಲೋಟ ಕೆಳಗಿಟ್ಟ. "ಲೈನಕ್ಕ, ಒಂದು ಕೇಳ್ತೀನಿ. ಇದರಲ್ಲಿ ಯಾವ ವಾಕ್ಯ ಸುಳ್ಳು? ತೋರಿಸಿ. ಗಾಯ ಆಗಿದ್ದು ಸುಳ್ಳಾ? ಫಲಕ ಇದ್ದಿದ್ದು ಸುಳ್ಳಾ? ಎರಡನೇ ಪಾಳಿ?"

"ಒಂದೊಂದೇ ನೋಡಿದ್ರೆ ಸುಳ್ಳಲ್ಲ..."

"ವಾಕ್ಯದಲ್ಲಿ ತಪ್ಪಿದೆಯಾ?"

"ಇಲ್ಲ."

"ಅಂದ್ಮೇಲೆ? ನಿಮ್ಮ ಕೆಲಸ ಮುಗೀತು. ಆ ಕಂಬಿ ಮಾತು ತೆಗೆದವರು ನೀವು, ನಾನಲ್ಲ. ನೆನಪಿದೆಯಾ?" ಅವನು ಮುಗುಳ್ನಕ್ಕ. "ನೋಡಿ, ಇಂಗ್ಲಿಷ್ ತಿದ್ದೋಕೆ ಈಗ ಕಂಪ್ಯೂಟರೇ ಸಾಕು. ನಿಮ್ಮನ್ನ ಇಟ್ಕೊಂಡಿರೋದು ಮ್ಯಾನೇಜರ್ ಸಾಹೇಬರ ಒಳ್ಳೇತನಕ್ಕೆ. ರಿಟೈರ್ ಆಗೋಕೆ ಇನ್ನೆರಡು ವರ್ಷ ಇದೆ ನಿಮಗೆ. ಸುಮ್ನೆ ಮೂಗು ತೂರಿಸ್ಬೇಡಿ."

ನಗುತ್ತ ಹೇಳಿದ್ದು ಬೆದರಿಕೆಯೋ ಬುದ್ಧಿವಾದವೋ ಎಂದು ಕೇಳಿದವರು ತಲೆಕೆಡಿಸಿಕೊಳ್ಳಬೇಕು. ಇಂಥವರ ಜಾಣತನವೇ ಅದು. ತಮ್ಮ ಕೈ ಕೊಳೆಯಾಗದ ಹಾಗೆ ಕೆಲಸವನ್ನು ಹನ್ನೊಂದು ತುಂಡು ಮಾಡಿ ಹಂಚುತ್ತಾರೆ. ಮೇಲ್ವಿಚಾರಕ ಬರೆದ, ಲೈನಕ್ಕ ತಿದ್ದಿದಳು, ಟೈಪಿಸ್ಟ್ ಟೈಪು ಮಾಡಿದ, ಇನ್ನು ಚಿಕ್ಕಮ್ಮ ಸಹಿ ಹಾಕಿದರೆ ಆಯಿತು. ಮೋಸ ಮಾಡಿದವರು ಯಾರು? ಯಾರೂ ಇಲ್ಲ! ಎಲ್ಲರೂ ತಂತಮ್ಮ ತುಂಡನ್ನು ಅಚ್ಚುಕಟ್ಟಾಗಿ ಮಾಡಿದವರೇ.

ಲೈನಕ್ಕ ಅಲ್ಲಿಂದ ನೇರ ನೆಲಮಾಳಿಗೆಗೆ ಇಳಿದಳು. ಇಷ್ಟು ವರ್ಷದಲ್ಲಿ ಅವಳು ಲಾಂಡ್ರಿಗೆ ಹೋದದ್ದು ಬೆರಳೆಣಿಕೆಯಷ್ಟು ಸಲ. ಸೋಪಿನ ಘಾಟು, ಹಬೆ, ಗಡಗಡ ಸದ್ದು. ಬಸ್ಸಿನಷ್ಟು ಉದ್ದದ ಇಸ್ತ್ರಿ ಯಂತ್ರದ ಮುಂದೆ ಚಿಕ್ಕಮ್ಮನ ಜಾಗದಲ್ಲಿ ಬೇರೆ ಒಬ್ಬ ಹೆಂಗಸು ಹಾಸುಬಟ್ಟೆ ನೂಕುತ್ತಿದ್ದಳು. ಬಿಸಿ ಉರುಳೆಯ ಮುಂದೆ ಕಂಬಿ ಇರಬೇಕಾದ ಕಡೆ ಎರಡು ತೂತು, ಒಂದರಲ್ಲಿ ತುಕ್ಕು ಹಿಡಿದ ತಂತಿಯ ತುಂಡು. ಅಂದರೆ ಇವತ್ತಿಗೂ ಹಾಕಿಲ್ಲ. ಇವಳ ಕೈಗೆ ಯಾವಾಗ ಮುಹೂರ್ತವೋ!

ಮೇಲ್ವಿಚಾರಕ ಐವತ್ತು ದಾಟಿದ ದಪ್ಪ ಮನುಷ್ಯ. ಲೈನಕ್ಕನನ್ನು ಕಂಡು ಎದ್ದು ನಿಂತ.

"ಮೊದಲ ಚೀಟಿ ಬರೆದಿದ್ದು ನೀವಾ ಅಣ್ಣ? ಮೂರು ಸಲ ತಿಳಿಸಿ, ಫೋನ್ ಮಾಡಿ ಅಂತ?"

"ನಾನೇ ಅಕ್ಕ. ಮೂರು ದಿನ ಕೂತು ಬರೆದೆ. ಇಂಗ್ಲಿಷಲ್ಲೇ ಬೇಕು ಅಂದ್ರು. ನನ್ನ ಮಗಳ ಡಿಕ್ಷನರಿ ಹರಿದೇಹೋಯ್ತು. ಅದೊಂದೇ ನಂದು, ಉಳಿದದ್ದು ಸಾಹೇಬರದ್ದು."

"ಮತ್ತೆ ಅದನ್ನ ತೆಗೆದುಹಾಕಿದ್ದಾರೆ ಅಂತ ಗೊತ್ತಾದ ಮೇಲೆ ಯಾಕೆ ಸುಮ್ಮನಿದ್ರಿ?"

ಅವನು ತನ್ನ ಚಪ್ಪಲಿ ನೋಡುತ್ತ ಹೇಳಿದ. "ತೆಗೆದಿದ್ದು ನಾನಲ್ಲ, ಲೈನಕ್ಕ ಅಂದ್ರು ಸಾಹೇಬರು. ನೀವು ಇಂಗ್ಲಿಷ್ ಬಲ್ಲವರು. ನಾನು ಬರೆದಿದ್ದು ತಪ್ಪಿತ್ತೇನೋ, ಅದಕ್ಕೇ ಬೇಡ ಅಂದ್ರೇನೋ ಅಂದ್ಕೊಂಡೆ. ನೀವು ತಪ್ಪು ಅಂದ್ಮೇಲೆ ನಾನ್ಯಾರು ಸರಿ ಅನ್ನೋಕೆ?"

ಇಷ್ಟು ದಿನದಲ್ಲಿ ಲೈನಕ್ಕನ ಕೆನ್ನೆಗೆ ಯಾರಾದರೂ ಹೊಡೆದಿದ್ದರೆ ಅದು ಇದೇ. ಮೂರು ದಿನ ಬೆವರು ಸುರಿಸಿ ಒಬ್ಬ ಮನುಷ್ಯ ಸತ್ಯವನ್ನು ಒಂದು ಸೊಟ್ಟ ವಾಕ್ಯದೊಳಗೆ ತುರುಕಿದ್ದ. ಅವಳು ಒಂದು ನಿಮಿಷದಲ್ಲಿ ಅದನ್ನು ನೆಟ್ಟಗೆ ಮಾಡಿ, ಸತ್ಯವನ್ನು ಕಸದ ಬುಟ್ಟಿಗೆ ಹಾಕಿದ್ದಳು. ಮೇಲಾಗಿ, ಬರೆದವನೇ ತಾನು ಕಂಡದ್ದನ್ನು ಅನುಮಾನಿಸುವ ಹಾಗೆ ಮಾಡಿದ್ದಳು. ಅವಳಿಗೆ ಅಧಿಕಾರಿಯ ಮೇಲೆ ಸಿಟ್ಟಿತ್ತು, ಆ ಏರ್ಪಾಡಿನ ಮೇಲೆ ಸಿಟ್ಟಿತ್ತು. ಆದರೆ ಆ ಹೊತ್ತು ತನ್ನ ಕಿವಿಯ ಮೇಲೆ ಬಂದ ಸಿಟ್ಟಿನ ಮುಂದೆ ಅದೆಲ್ಲ ಏನೂ ಅಲ್ಲ.

"ನಾಳೆ ಅಲ್ಲಿ ಬಾಯಿ ಬಿಡ್ತೀರಾ ಅಣ್ಣ?"

"ನಂಗೂ ಮನೆ ಇದೆ ಅಕ್ಕ" ಎಂದ ಮೇಲ್ವಿಚಾರಕ.

ಮರುದಿನ ಹನ್ನೊಂದು ಗಂಟೆಗೆ ಎರಡನೆಯ ಮಹಡಿಯ ಸಣ್ಣ ಸಭಾಕೋಣೆ. ಮೇಜಿನ ತಲೆಯಲ್ಲಿ ಮ್ಯಾನೇಜರ್, ಪಕ್ಕದಲ್ಲಿ ಸಿಬ್ಬಂದಿ ಅಧಿಕಾರಿ, ಎದುರಿಗೆ ಮೇಲ್ವಿಚಾರಕ. ಕುರ್ಚಿಯ ತುದಿಯಲ್ಲಿ ಚಿಕ್ಕಮ್ಮ. ಅವಳ ಹಿಂದೆಯೇ ಲೈನಕ್ಕ ಒಳಬಂದು ಗೋಡೆಗೆ ಒರಗಿ ನಿಂತಳು.

"ನಿಮಗಿಲ್ಲಿ ಏನು ಕೆಲಸ?" ಎಂದ ಅಧಿಕಾರಿ.

ಉತ್ತರ ಕೊಟ್ಟವಳು ಚಿಕ್ಕಮ್ಮ. "ನಾನೇ ಕರ್ಕೊಂಡು ಬಂದೆ ಸಾರ್. ಓದಿ ಅರ್ಥ ಮಾಡ್ಕೊಂಡಿದ್ದೀನಿ ಅಂತ ಸೈನ್ ಹಾಕ್ಬೇಕಂತಲ್ಲ. ಓದೋರು ಬೇಡ್ವಾ?"

ಮ್ಯಾನೇಜರ್ ಒಮ್ಮೆ ಕೆಮ್ಮಿ, "ಓದಲಿ ಬಿಡ್ರೀ" ಎಂದರು.

ಲೈನಕ್ಕ ಓದಿದಳು. ಇಂಗ್ಲಿಷಿನಲ್ಲಿ ನಯವಾಗಿದ್ದದ್ದು ನಮ್ಮ ಮಾತಿಗೆ ಬಂದ ಕೂಡಲೇ ಹಲ್ಲು ತೋರಿಸತೊಡಗಿತು. ಅಜಾಗ್ರತೆ ಇವಳಿಗೆ ಹೊಸದಲ್ಲ ಎಂದು ಓದಿದಾಗ ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆಯುವುದನ್ನು ನಿಲ್ಲಿಸಿದರು. ಹತ್ತೊಂಬತ್ತು ವರ್ಷ ಅವರ ಅಂಗಿಗಳಿಗೂ ಅವಳೇ ಇಸ್ತ್ರಿ ಹಾಕಿದ್ದಳು.

ಓದಿ ಮುಗಿಯಿತು. ಚಿಕ್ಕಮ್ಮ ಎದ್ದು ನಿಂತಳು. "ಇದರಲ್ಲಿ ಕೈ ನಂದು, ತಪ್ಪು ನಂದು, ಯಂತ್ರ ಮಾತ್ರ ಯಾರದ್ದೂ ಅಲ್ಲ. ಕಂಬಿ ಮುರಿದಿದೆ ಅಂತ ಮೂರು ಸಲ ಹೇಳಿದೆ. ಅದೆಲ್ಲಿ?"

"ಅಂಥ ಯಾವ ದಾಖಲೆಯೂ ಇಲ್ಲ" ಎಂದ ಅಧಿಕಾರಿ.

"ಇತ್ತು" ಎಂದಳು ಲೈನಕ್ಕ. ಬೋರ್ಡಿನ ಮುಂದೆ ಪಳಗಿದ ದನಿ, ಪ್ರತಿ ಅಕ್ಷರವೂ ಆ ಕೋಣೆಯ ಮೂಲೆಗೆ ಮುಟ್ಟಿತು. "ಇತ್ತು ಸಾರ್. ನಾನೇ ತೆಗೆದೆ. ಚೀಟೀಲಿ ಬಂದಿತ್ತು. ವಾಕ್ಯ ಚೆನ್ನಾಗಿ ಓಡಲಿ ಅಂತ ತೆಗೆದೆ. ಇವರನ್ನ ಕೇಳಿದೆ, ಬಿಡಿ ಅಂದ್ರು. ಕೇಳಿದ್ದೂ ತಪ್ಪು, ಬಿಟ್ಟಿದ್ದೂ ತಪ್ಪು. ಚಿಕ್ಕಮ್ಮ, ನಿನ್ನೆ ನಿಮಗೆ ಇದನ್ನ ಹೇಳಲಿಲ್ಲ ನಾನು. ಈ ಹನ್ನೊಂದು ವಾಕ್ಯನೂ ನಂದೇ."

ಚಿಕ್ಕಮ್ಮ ತಿರುಗಿ ಅವಳನ್ನು ನೋಡಿದಳು. ಆ ನೋಟದಲ್ಲಿ ಕ್ಷಮೆ ಇರಲಿಲ್ಲ. ಯಾಕಿರಬೇಕು?

"ಆ ಚೀಟಿ ಎಲ್ಲಿದೆ?" ಎಂದರು ಮ್ಯಾನೇಜರ್.

"ನಿಯಮದ ಪ್ರಕಾರ ನಾಶ ಮಾಡಿದ್ದೀವಿ ಸರ್" ಎಂದ ಅಧಿಕಾರಿ. "ಇವರು ಬಾಯಿಗೆ ಬಂದದ್ದು ಹೇಳ್ತಿದ್ದಾರೆ. ಬರೆದವರು ಇಲ್ಲೇ ಇದ್ದಾರೆ, ಕೇಳಿ ಬೇಕಾದ್ರೆ."

ಅವನಿಗೆ ಮೇಲ್ವಿಚಾರಕನ ಮೇಲೆ ಅಷ್ಟು ಭರವಸೆ. ದಪ್ಪ ಮನುಷ್ಯ ಅಧಿಕಾರಿಯನ್ನು ನೋಡಲಿಲ್ಲ, ಮ್ಯಾನೇಜರನ್ನೂ ನೋಡಲಿಲ್ಲ. ಚಿಕ್ಕಮ್ಮನ ಪಟ್ಟಿ ಕಟ್ಟಿದ ಕೈಯನ್ನು ನೋಡಿದ.

"ಮೂರು ಸಲ ಹೇಳಿದ್ದು ನಿಜ ಸಾರ್" ಎಂದ. "ಮೂರು ಸಲಾನೂ ರಿಪೇರಿಯವರಿಗೆ ಫೋನ್ ಮಾಡಿದ್ದು ನಾನೇ. ಕಂಬಿ ಇನ್ನೂ ಹಾಕಿಲ್ಲ. ಈಗ್ಲೂ ಕೆಳಗೆ ಯಂತ್ರ ಓಡ್ತಾ ಇದೆ."

"ಬರೆದು ಕೊಡ್ತೀರಾ?"

ಅವನು ಕಾಗದ ಎಳೆದುಕೊಂಡ. ಇಂಗ್ಲಿಷಿನಲ್ಲೇ ಬರೆಯಬೇಕು ಅನ್ನುವ ಹೆದರಿಕೆ ಅವನ ರಕ್ತಕ್ಕೇ ಇಳಿದಿತ್ತು, ಇಂಗ್ಲಿಷಿನಲ್ಲೇ ಬರೆದ. ಅದಕ್ಕೆ ಹತ್ತು ನಿಮಿಷ ಹಿಡಿಯಿತು. ಬರೆದು ಮುಗಿಸಿ ಮುಂದಕ್ಕೆ ತಳ್ಳಿದ. ಮ್ಯಾನೇಜರ್ ಕಣ್ಣಾಡಿಸಿ, ಹಣೆ ಗಂಟಿಕ್ಕಿ, ಹಳೆಯ ಅಭ್ಯಾಸಬಲದಿಂದ ಅದನ್ನು ಲೈನಕ್ಕನ ಕಡೆ ಚಾಚಿದರು. "ಇದು ಸರಿಯಿದೆಯಾ ನೋಡಿ."

ಮೊದಲಿಗಿಂತ ಸೊಟ್ಟವಾಗಿತ್ತು. ಕ್ರಿಯಾಪದಗಳು ಒಂದರ ಮೇಲೊಂದು ಬಿದ್ದಿದ್ದವು. ಅವಳ ಕಿವಿಗೆ ಏಳು ಕಡೆ ಚುಚ್ಚಿತು.

"ಸರಿಯಿದೆ ಸಾರ್" ಎಂದಳು. "ಮುಟ್ಟುವ ಹಾಗಿಲ್ಲ."

ಅಲ್ಲಿಗೆ ನ್ಯಾಯ ಗೆದ್ದಿತು, ಎಲ್ಲರೂ ಸುಖವಾಗಿದ್ದರು ಎಂದು ಮುಗಿಸುವವರು ಮುಗಿಸಲಿ. ಆದದ್ದು ಬೇರೆ. ವಿಚಾರಣೆ ಎರಡು ವಾರ ಮುಂದಕ್ಕೆ ಹೋಯಿತು. ಅಧಿಕಾರಿ ಅದೇ ಕೋಣೆಯಲ್ಲಿ ಅದೇ ಗಿಡಕ್ಕೆ ನೀರು ಹಾಕುತ್ತ ಉಳಿದ. ಮೇಲ್ವಿಚಾರಕನಿಗೆ ಮೇಲಿನವರಿಂದ ಒಳ್ಳೆಯ ಮಾತು ನಿಂತುಹೋಯಿತು. ಲೈನಕ್ಕನ ಕೆಂಪು ಪೆನ್ನು ಕಿತ್ತುಕೊಂಡು, ಅತಿಥಿಗಳು ಮರೆತುಹೋದ ವಸ್ತುಗಳ ಕೋಣೆಗೆ ಹಾಕಿದರು. ಛತ್ರಿಗಳು, ಒಂಟಿ ಕಾಲುಚೀಲಗಳು, ಕನ್ನಡಕಗಳು, ಒಂದು ಹಲ್ಲಿನ ಸೆಟ್ಟು. ಯಾರಾದರೂ ಕೇಳಿಕೊಂಡು ಬಂದರೆ ಹುಡುಕಿ ಕೊಡುವುದು. ಚೀಟಿಗಳು ಈಗ ಸ್ವಾಗತದ ಮೇಜಿನ ಹೊಸ ಹುಡುಗಿಗೆ ಹೋಗುತ್ತವಂತೆ.

ಹದಿನೈದನೆಯ ದಿನ ಆ ಕೋಣೆಗೆ ಚಿಕ್ಕಮ್ಮ ಬಂದಳು. ಸಭಾಕೋಣೆಯ ನಂತರ ಅವಳು ಲೈನಕ್ಕನ ಹತ್ತಿರ ಮಾತಾಡಿರಲಿಲ್ಲ. ಈಗಲೂ ಕುಶಲ ಕೇಳಲಿಲ್ಲ. ಛತ್ರಿಗಳ ರಾಶಿಯನ್ನು ಮೊಣಕಾಲಿನಿಂದ ಸರಿಸಿ, ಒಂದು ಲಕೋಟೆಯನ್ನು ಮೇಜಿನ ಮೇಲಿಟ್ಟಳು. ಪಟ್ಟಿ ಬಿಚ್ಚಿದ ಕೈ ಕೆಂಪಗೆ, ಬಿಗಿಯಾಗಿ, ಬೇರೆ ಯಾರದ್ದೋ ಕೈಯಂತೆ ಕಾಣುತ್ತಿತ್ತು. ಎರಡು ಬೆರಳು ಮಡಚುತ್ತಿರಲಿಲ್ಲ.

"ಓದಿ. ಬಿಡದೆ ಓದಿ."

ಎರಡು ಪುಟ. ಹೊಸ ಹುಡುಗಿ ಚೆನ್ನಾಗಿಯೇ ತಿದ್ದಿದ್ದಳು. ಲೈನಕ್ಕ ಮೊದಲಿಂದ ಕೊನೆಯವರೆಗೆ ಓದಿ ಹೇಳಿದಳು.

"ಅಂದ್ರೆ ಏನಂತೆ?"

"ಸೋಮವಾರದಿಂದ ಕೆಲಸಕ್ಕೆ ಬರಬೇಕಂತೆ. ಕೈ ವಾಸಿಯಾಗಲಿ ಅಂತ ಹಾರೈಸಿದ್ದಾರೆ."

"ತಪ್ಪು ಯಾರದು ಅಂತ ಬರೆದಿದ್ದಾರಾ?"

"ಇಲ್ಲ."

"ಕಂಬಿ ಹಾಕಿದ್ದೀವಿ ಅಂತ?"

"ಅದೂ ಇಲ್ಲ."

"ಮತ್ತೆ ಎರಡು ಪುಟ ಏನು ಬರೆದಿದ್ದಾರೆ?"

"ಇಂಗ್ಲಿಷ್ ಬರೆದಿದ್ದಾರೆ ಚಿಕ್ಕಮ್ಮ."

ಚಿಕ್ಕಮ್ಮನಿಗೆ ನಗು ಬಂತು. ಬಂದದ್ದನ್ನು ತಡೆಯಲು ನೋಡಿದಳು, ಆಗಲಿಲ್ಲ. ಆಮೇಲೆ ಕುರ್ಚಿ ಎಳೆದು ಕೂತಳು. "ಪೆನ್ನು ತಗೊಳ್ಳಿ. ನಾನು ಹೇಳಿದ ಹಾಗೇ ಬರೀಬೇಕು. ಒಂದು ಮಾತು ಆಚೆ ಈಚೆ ಆಗ್ಬಾರದು."

"ಹೇಳಿ."

"ಬರ್ತೀನಿ. ನನ್ನ ಕೆಲಸ ಅದು, ಬಂದೇ ಬರ್ತೀನಿ. ಕಂಬಿ ಹಾಕಿದ ಮೇಲೆ ಬರ್ತೀನಿ. ಹಾಕಿದ್ದನ್ನ ನಾನೇ ಮುಟ್ಟಿ ನೋಡಿದ ಮೇಲೆ ಯಂತ್ರ ಹತ್ತಿರ ಹೋಗ್ತೀನಿ. ಅಲ್ಲೀವರೆಗೆ ಯಾರನ್ನೂ ಅಲ್ಲಿ ನಿಲ್ಲಿಸ್ಬೇಡಿ. ಇಷ್ಟೇ."

ಬರ್ತೀನಿ ಅನ್ನುವುದು ಮೂರು ಸಲ ಬಂದಿತ್ತು. ಲೈನಕ್ಕ ಮೂರು ಸಲವೂ ಬರೆದಳು. ಕಾಗದ ತಿರುಗಿಸಿ ಇಟ್ಟಳು. ಚಿಕ್ಕಮ್ಮ ಬೆರಳಿಟ್ಟು, ಅಕ್ಷರ ಅಕ್ಷರವಾಗಿ, ತಾನೇ ಓದಿಕೊಂಡು, ಬಲಗೈಯಲ್ಲೇ, ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಅಂಕುಡೊಂಕಾಗಿ ಸಹಿ ಹಾಕಿದಳು.

"ಇದನ್ನ ಇಂಗ್ಲಿಷಿಗೆ ಮಾಡ್ಲಾ?"

"ಬೇಡ" ಎಂದಳು ಚಿಕ್ಕಮ್ಮ, ಕಾಗದ ಮಡಚುತ್ತ. "ಅವರೇ ಯಾರ ಹತ್ರನಾದ್ರೂ ಓದಿಸ್ಕೊಳ್ಳಲಿ."